ಕಾರಿನ ಎಂಜಿನ್ನಿಗೂ ಪ್ರೊಪೆಲರಿಗೂ ನಡುವೆ: ರಿಡಕ್ಷನ್ ಡ್ರೈವ್ ನಿರ್ವಹಣೆಯ ಹಿನ್ನೆಲೆ

ಹವ್ಯಾಸಿಗಳು ತಾವೇ ಕಟ್ಟಿಕೊಂಡ ವಿಮಾನಕ್ಕೆ ಕಾರಿನ ಎಂಜಿನ್ ಕೂರಿಸುವುದು ಸರಿಯೇ ಎಂಬ ವಾದ ಅಮೆರಿಕದಲ್ಲಿ ಹಲವು ದಶಕಗಳಿಂದ ನಡೆದುಬಂದಿದೆ. ಸರಿ ಎನ್ನುವವರು ಬೆಲೆಯ ಲೆಕ್ಕ ಕೊಡುತ್ತಾರೆ, ಬಿಡಿಭಾಗ ಯಾವ ಊರಿನಲ್ಲಾದರೂ ಸಿಗುತ್ತದೆ ಎನ್ನುತ್ತಾರೆ. ಬೇಡ ಎನ್ನುವವರು ಹೊಲಗದ್ದೆಗಳಲ್ಲಿ ಇಳಿಸಬೇಕಾಗಿ ಬಂದ ವಿಮಾನಗಳನ್ನು ನೆನಪಿಸುತ್ತಾರೆ. ವಾದ ಬಹುಪಾಲು ಎಂಜಿನ್ನಿನ ಸುತ್ತಲೇ ಸುತ್ತುತ್ತದೆ. ಆದರೆ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾಗಿ ರಸ್ತೆಯಲ್ಲಿ ಸಾಬೀತಾದ ಆ ಎಂಜಿನ್ನಿನ ಒಡಲಿಗಿಂತ, ಅದನ್ನು ವಿಮಾನಕ್ಕೆ ಒಗ್ಗಿಸಲು ಹೊಸದಾಗಿ ಜೋಡಿಸಿದ ಇಂಧನ, ತಂಪು ಮತ್ತು ವಿದ್ಯುತ್ ವ್ಯವಸ್ಥೆಗಳೇ ಹೆಚ್ಚು ತೊಂದರೆ ಕೊಟ್ಟಿವೆ. ಆ ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಬರವಣಿಗೆಗೆ ಸಿಕ್ಕಿರುವುದು ಎಂಜಿನ್ನಿನ ವೇಗವನ್ನು ಪ್ರೊಪೆಲರ್ ತಾಳುವಷ್ಟಕ್ಕೆ ಇಳಿಸುವ ರಿಡಕ್ಷನ್ ಡ್ರೈವ್.

ಅದು ಏಕೆ ಬೇಕು ಎಂಬುದು ಸರಳ ಲೆಕ್ಕ. 72 ಇಂಚು ವ್ಯಾಸದ ಪ್ರೊಪೆಲರ್ ನಿಮಿಷಕ್ಕೆ 2,700 ಸುತ್ತು ತಿರುಗಿದರೆ ಅದರ ಅಲಗಿನ ತುದಿ ಸೆಕೆಂಡಿಗೆ ಸುಮಾರು 258 ಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತದೆ. ಅದೇ ಪ್ರೊಪೆಲರನ್ನು 5,000 ಸುತ್ತು ತಿರುಗಿಸಿದರೆ ತುದಿಯ ವೇಗ ಸುಮಾರು 479 ಮೀಟರಿಗೇರಿ, ಶಬ್ದದ ವೇಗವಾದ 340 ಮೀಟರನ್ನು ಬಹಳ ಹಿಂದೆ ಬಿಡುತ್ತದೆ. ಆಗ ಎಂಜಿನ್ನಿನ ಶಕ್ತಿ ಸದ್ದಾಗಿ ಹೋಗುತ್ತದೆಯೇ ಹೊರತು ಎಳೆತವಾಗುವುದಿಲ್ಲ. ಇಂದಿನ ಪೆಟ್ರೋಲ್ ಕಾರಿನ ಎಂಜಿನ್ ತನ್ನ ಪೂರ್ಣ ಶಕ್ತಿಯನ್ನು ಹೆಚ್ಚಾಗಿ ಕೊಡುವುದೇ 5,000 ಸುತ್ತಿನ ಆಚೆ. ನಡುವೆ ಗೇರೋ ಬೆಲ್ಟೋ ಇರಲೇಬೇಕು.

ಈ ತೊಡಕು ವಿಮಾನದಷ್ಟೇ ಹಳೆಯದು. ರೈಟ್ ಸಹೋದರರ 1903ರ ವಿಮಾನದಲ್ಲಿಯೂ ಎಂಜಿನ್ನಿನ ಕಡೆ 8 ಹಲ್ಲು, ಪ್ರೊಪೆಲರಿನ ಕಡೆ 23 ಹಲ್ಲುಗಳ ಚಕ್ರಗಳಿದ್ದು, ಅವುಗಳನ್ನು ಚೈನು ಜೋಡಿಸಿತ್ತು. ಆ ವರ್ಷದ ನವೆಂಬರಿನಲ್ಲಿ ಕಿಟ್ಟಿ ಹಾಕ್ ಬಳಿಯ ಷೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿದಾಗ, ನಾಲ್ಕು ಸಿಲಿಂಡರುಗಳ ಏರುಪೇರಾದ ಹೊಡೆತಕ್ಕೆ ಹಲ್ಲುಚಕ್ರಗಳು ಸಡಿಲಗೊಂಡವು, ಪ್ರೊಪೆಲರಿನ ಕೊಳವೆಯಾಕಾರದ ಶಾಫ್ಟುಗಳು ಹಾಳಾದವು. ತಮ್ಮ ಊರಾದ ಡೇಟನ್ನಿಂದ ದುರಸ್ತಿಯಾಗಿ ಬಂದ ಮೇಲೂ ಚಕ್ರಗಳು ಅಲುಗಾಡಿದಾಗ ಸಹೋದರರು ಸೈಕಲ್ ಟಯರ್ ಅಂಟಿಸುವ ಸಿಮೆಂಟನ್ನು ಸ್ಕ್ರೂ ಎಳೆಗಳಿಗೆ ಸುರಿದು ಬಿಗಿಮಾಡಿದರು. ತಿಂಗಳ ಕೊನೆಯಲ್ಲಿ ಶಾಫ್ಟಿನಲ್ಲಿ ಬಿರುಕು ಕಾಣಿಸಿತು. ಆರ್ವಿಲ್ ರೈಟ್ ಮತ್ತೆ ಡೇಟನ್ನಿಗೆ ಹೋಗಿ, ಗಟ್ಟಿ ಸ್ಪ್ರಿಂಗ್ ಸ್ಟೀಲಿನ ಶಾಫ್ಟುಗಳನ್ನು ಮಾಡಿಸಿಕೊಂಡು ಡಿಸೆಂಬರ್ 11ರಂದು ಹಿಂತಿರುಗಿದರು. ಆರು ದಿನಗಳ ಬಳಿಕ ವಿಮಾನ ಹಾರಿತು. ಅಂದು ಅವರನ್ನು ಕಾಡಿದ್ದಕ್ಕೆ ಇಂದಿನ ಹೆಸರು ಟಾರ್ಷನಲ್ ವೈಬ್ರೇಷನ್, ಅಂದರೆ ಶಾಫ್ಟು ತಿರುಗುತ್ತಲೇ ಹಿಂದಕ್ಕೂ ಮುಂದಕ್ಕೂ ತಿರುಚಿಕೊಳ್ಳುವ ಕಂಪನ. ಮುಂದೆ ಓದುವುದೆಲ್ಲವೂ ಬಹುಮಟ್ಟಿಗೆ ಅದರದೇ ಕತೆ.

ನಂತರದ ಐವತ್ತು ವರ್ಷಗಳನ್ನು ಬೇಗ ದಾಟಬಹುದು. ದೊಡ್ಡ ಕಾರ್ಖಾನೆಗಳು ಗೇರ್‌ಬಾಕ್ಸನ್ನು ಎಂಜಿನ್ನಿನ ಭಾಗವಾಗಿಯೇ ವಿನ್ಯಾಸ ಮಾಡಿ ಯುದ್ಧ ವಿಮಾನಗಳಿಗೆ ಒದಗಿಸಿದವು. ಹವ್ಯಾಸಿಗಳು ಗೇರ್ ಇಲ್ಲದ ದಾರಿ ಹಿಡಿದರು: ಮಿನೆಸೋಟದ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ನಿಧಾನಗತಿಯ ಎಂಜಿನ್ನಿಗೆ ನೇರವಾಗಿ ಪ್ರೊಪೆಲರ್ ಕಟ್ಟಿ ಹಾರಿಸಿದರು, ಯುದ್ಧಾನಂತರ ಫೋಕ್ಸ್‌ವ್ಯಾಗನ್ ಎಂಜಿನ್ನುಗಳೂ ಹೆಚ್ಚಾಗಿ ಹಾಗೆಯೇ ಹಾರಿದವು.

ಈ ನಡುವೆ ಕಾರ್ಖಾನೆಯಿಂದ ಬಂದ ಒಂದು ವಿಮಾನ ಕಲಿಸಿದ ಪಾಠವನ್ನು ಮಾತ್ರ ದಾಟಿ ಹೋಗುವಂತಿಲ್ಲ. 1958ರಿಂದ 1962ರವರೆಗೆ ತಯಾರಾದ ಸೆಸ್ನಾ 175ರಲ್ಲಿ ಗೇರಿರುವ ಜಿಒ-300 ಎಂಜಿನ್ ಇತ್ತು. ಎಂಜಿನ್ 3,200 ಸುತ್ತಿನಲ್ಲಿದ್ದಾಗ ಪ್ರೊಪೆಲರ್ 2,400 ಸುತ್ತು ತಿರುಗುತ್ತಿತ್ತು. ನೇರ ಜೋಡಣೆಯ ಎಂಜಿನ್ನುಗಳಿಗೆ ಒಗ್ಗಿಹೋಗಿದ್ದ ಪೈಲಟ್‌ಗಳಿಗೆ ಮೀಟರಿನಲ್ಲಿ 3,000ದ ಆಚೆಯ ಅಂಕಿ ಕಂಡರೆ ಎಂಜಿನ್ ಹಿಂಸೆಪಡುತ್ತಿದೆ ಎನಿಸುತ್ತಿತ್ತು. ಅವರು ಥ್ರಾಟಲ್ ಇಳಿಸಿ, ತಮಗೆ ರೂಢಿಯಾಗಿದ್ದ 2,300–2,400ಕ್ಕೆ ತಂದು ಹಾರಿಸಿದರು. ಆ ವೇಗದಲ್ಲಿ ಎಂಜಿನ್ನಿಗೆ ಸಾಕಷ್ಟು ಗಾಳಿ ತಾಗಲಿಲ್ಲ, ಗೇರುಗಳೂ ಸವೆದವು. ವಿನ್ಯಾಸವೇ ಕೆಟ್ಟದ್ದೆಂಬ ಹೆಸರು ಉಳಿದುಕೊಂಡಿತು. ಒಳ್ಳೆಯದೆಂದು ನಂಬಿ ಮಾಡಿದ ಮೃದು ಬಳಕೆಯೇ ಗೇರಿಗೆ ಕೆಡುಕಾದ ಈ ಸಂಗತಿ ಮುಂದಿನ ತಲೆಮಾರಿನಲ್ಲಿ ಹಲವು ಬಾರಿ ಮರುಕಳಿಸಿತು.

ಏಕೆಂದರೆ ಗೇರಿಗೆ ಹೆಚ್ಚು ಪೆಟ್ಟು ಬೀಳುವುದು ಪೂರ್ಣ ವೇಗದಲ್ಲಿ ಅಲ್ಲ, ಎಂಜಿನ್ ಹೊರೆಯಿಲ್ಲದೆ ನಿಧಾನವಾಗಿ ತಿರುಗುವ ಐಡ್ಲಿಂಗ್‌ನಲ್ಲಿ. ನಾಲ್ಕು ಸಿಲಿಂಡರುಗಳ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಶಾಫ್ಟನ್ನು ಒದೆಯುತ್ತದೆ. 800 ಸುತ್ತಿನ ಐಡ್ಲಿಂಗ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 27 ಒದೆತ, 5,000 ಸುತ್ತಿನಲ್ಲಿ 167. ಒಂದು ಒದೆತಕ್ಕೂ ಮುಂದಿನದಕ್ಕೂ ನಡುವೆ ಎಂಜಿನ್ ಅರೆಗಳಿಗೆ ಹಿಂದೆ ಬೀಳುತ್ತದೆ, ಆದರೆ ಭಾರವಾದ ಪ್ರೊಪೆಲರ್ ತನ್ನ ಓಟವನ್ನು ಬಿಡುವುದಿಲ್ಲ. ಆಗ ಗೇರಿನ ಹಲ್ಲುಗಳು ಒಂದನ್ನೊಂದು ಬಿಟ್ಟು ದೂರ ಸರಿದು, ಮುಂದಿನ ಒದೆತಕ್ಕೆ ಮತ್ತೆ ಬಂದು ಬಡಿಯುತ್ತವೆ. ಸುತ್ತಿಗೆ ಏಟಿನಂಥ ಈ ಬಡಿತ ಎಂಜಿನ್, ಶಾಫ್ಟ್, ಪ್ರೊಪೆಲರ್‌ಗಳ ಸಹಜ ತೂಗಾಟದ ಲಯಕ್ಕೆ ಕೂಡಿಬಂದರೆ, ಮಕ್ಕಳ ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಾಗ ಅದು ಏರುತ್ತ ಹೋಗುವಂತೆ, ಶಾಫ್ಟಿನ ತಿರುಚು ಎಂಜಿನ್ನಿನ ಸರಾಸರಿ ತಿರುಗುಬಲದ ಹಲವು ಪಟ್ಟಿಗೆ ಬೆಳೆಯಬಲ್ಲದು. ಕಾರಿನಲ್ಲಿ ಕ್ಲಚ್ ತಟ್ಟೆಯ ಸ್ಪ್ರಿಂಗುಗಳು, ಉದ್ದನೆಯ ಶಾಫ್ಟುಗಳು, ರಬ್ಬರ್ ಟಯರುಗಳು ಇದನ್ನೆಲ್ಲ ನುಂಗಿಕೊಳ್ಳುತ್ತವೆ. ವಿಮಾನದಲ್ಲಿ ಅವುಗಳ ಕೆಲಸವನ್ನು ಎರಡು ಶಾಫ್ಟುಗಳನ್ನು ಬೆಸೆಯುವ ಅಂಗೈಯಗಲದ ಒಂದು ರಬ್ಬರ್ ಕಪ್ಲಿಂಗೋ ಸ್ಪ್ರಿಂಗ್ ತಟ್ಟೆಯೋ ಮಾಡಬೇಕಾಗುತ್ತದೆ.

1970ರ ದಶಕದಲ್ಲಿ ಬಿಡಿ-5 ಎಂಬ ಪುಟ್ಟ ವಿಮಾನದ ಹಿಂಬದಿಯ ಪ್ರೊಪೆಲರಿಗೆ ಶಕ್ತಿ ಒಯ್ಯುವ ಬೆಲ್ಟು ಮತ್ತು ಉದ್ದ ಶಾಫ್ಟಿನಲ್ಲಿ ಇದೇ ಕಂಪನ ತಲೆದೋರಿತು. ಅದನ್ನು ಹತೋಟಿಗೆ ತರಲು ವಿನ್ಯಾಸಕಾರರು ಬಹಳ ಶ್ರಮಪಡಬೇಕಾಯಿತು. ಆದರೂ 1980 ಮತ್ತು 90ರ ದಶಕಗಳಲ್ಲಿ ಹವ್ಯಾಸಿಗಳ ಉತ್ಸಾಹ ಕುಗ್ಗಲಿಲ್ಲ. ಸುಬಾರು ಎಂಜಿನ್ನುಗಳು, ಮಾಜ್ದಾದ ರೋಟರಿ ಎಂಜಿನ್, ಫೋರ್ಡ್ ವಿ-6, ಷೆವರ್ಲೆ ವಿ-8 ಎಲ್ಲವೂ ವಿಮಾನದ ಮೂತಿಗೆ ಬಂದವು. ಕೆಲವರು ಹಲ್ಲು ಬೆಲ್ಟು ಬಳಸಿದರು, ಕೆಲವರು ಒಂದು ಚಿಕ್ಕ ಒಂದು ದೊಡ್ಡ ಗೇರಿನ ಜೋಡಿ ಬಳಸಿದರು. ಜೋಡಿ ಗೇರಿನಲ್ಲಿ ಪ್ರೊಪೆಲರ್ ಎಂಜಿನ್ನಿನ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಅದಕ್ಕೆ ತಕ್ಕ ಪ್ರೊಪೆಲರನ್ನೇ ಹುಡುಕಬೇಕಾಗುತ್ತಿತ್ತು. ಇನ್ನು ಕೆಲವರು ಫೋರ್ಡ್ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗಿನ ಪ್ಲಾನೆಟರಿ ಗೇರ್‌ಸೆಟ್ಟನ್ನು (ನಡುವಿನ ಗೇರಿನ ಸುತ್ತ ಚಿಕ್ಕ ಗೇರುಗಳು ಸುತ್ತುವ ಜೋಡಣೆ) ಹೊರತೆಗೆದು, ಅದಕ್ಕೊಂದು ಅಲ್ಯೂಮಿನಿಯಂ ಹೊದಿಕೆ ಮಾಡಿಸಿ ಬಳಸಿದರು. ಇವುಗಳಲ್ಲಿ ಅನೇಕವು ಚೆನ್ನಾಗಿಯೇ ಕೆಲಸ ಮಾಡಿದವು ಎಂಬುದನ್ನು ಹೇಳಲೇಬೇಕು. ಚಿಕ್ಕ ವರ್ಕ್‌ಶಾಪುಗಳಲ್ಲಿ, ಬೆರಳೆಣಿಕೆಯ ಜನ, ದೊಡ್ಡ ಕಾರ್ಖಾನೆಗಳು ಕೈಹಾಕದ ಕೆಲಸವನ್ನು ಮಾಡಿ ತೋರಿಸಿದರು.

ಅಲ್ಲಿ ಕೊರತೆಯಾಗಿ ಉಳಿದದ್ದು ಪುಸ್ತಕ. ಪ್ರಮಾಣೀಕೃತ ಎಂಜಿನ್ನಿಗೆ, ಅಂದರೆ ವಿಮಾನ ಸುರಕ್ಷತಾ ಅಧಿಕಾರಿಗಳ ಪ್ರಮಾಣಪತ್ರ ಪಡೆದದ್ದಕ್ಕೆ, ಎಷ್ಟು ಗಂಟೆಗೆ ಏನನ್ನು ಬಿಚ್ಚಬೇಕು, ಎಷ್ಟು ಸವೆತ ಸರಿ, ಎಷ್ಟಾದರೆ ಬದಲಿಸಬೇಕು ಎಂದು ಹೇಳುವ ಕೈಪಿಡಿ ಇರುತ್ತದೆ. ಆ ಅಂಕಿಗಳು ನೂರಾರು ಎಂಜಿನ್ನುಗಳನ್ನು ಬಿಚ್ಚಿ ನೋಡಿದ ಅನುಭವದಿಂದ ಬರುತ್ತವೆ. ಹತ್ತಿಪ್ಪತ್ತು ಡ್ರೈವ್ ಮಾರಿದ ವರ್ಕ್‌ಶಾಪಿಗೆ ಅಂಥ ಅನುಭವ ಕೂಡಿಬರುವಷ್ಟು ಕಾಲವೇ ಸಿಗಲಿಲ್ಲ. ಕೆಲವು ಮುಚ್ಚಿದವು, ಕೆಲವುಗಳ ಒಡೆಯರಿಗೆ ವಯಸ್ಸಾಯಿತು.

ಪ್ರಮಾಣೀಕೃತ ಕಡೆಯಲ್ಲಿಯೂ ದಾರಿ ಸುಗಮವಾಗಿರಲಿಲ್ಲ. ಪೋರ್ಷೆ 911ರ ಎಂಜಿನ್ನಿನಿಂದ ಬಂದ ಪಿಎಫ್‌ಎಂ 3200, 1984ರಲ್ಲಿ ಪ್ರಮಾಣಪತ್ರ ಪಡೆದರೂ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಮರ್ಸಿಡಿಸ್ ಎ-ಕ್ಲಾಸ್ ಕಾರಿನ ಡೀಸೆಲ್ ಎಂಜಿನ್ನನ್ನು ಆಧರಿಸಿ ಜರ್ಮನಿಯಲ್ಲಿ ತಯಾರಾದ ಸೆಂಚುರಿಯನ್ 1.7, 2002ರಲ್ಲಿ ಪ್ರಮಾಣಪತ್ರ ಪಡೆಯಿತು. ಅದರ ಗೇರ್‌ಬಾಕ್ಸನ್ನು ಆರಂಭದಲ್ಲಿ 300 ಗಂಟೆಗೊಮ್ಮೆ ತಪಾಸಣೆಗೆ ಕಳಿಸಬೇಕಿತ್ತು. ಮಾಲೀಕರಿಗೆ ಅದು ಹೊರೆಯೆನಿಸಿತು ನಿಜ, ಆದರೆ ಹಾಗೆ ಮರಳಿ ಬಂದ ಗೇರ್‌ಬಾಕ್ಸುಗಳಿಂದಲೇ ತಯಾರಕರು ಕಲಿಯಲು ಸಾಧ್ಯವಾಯಿತು. ಆಸ್ಟ್ರಿಯಾದ ರೋಟ್ಯಾಕ್ಸ್ 912 ಕಾರಿನ ಎಂಜಿನ್ನಲ್ಲ, ಗೇರನ್ನು ಜೊತೆಗಿಟ್ಟುಕೊಂಡೇ ಹುಟ್ಟಿದ ವಿಮಾನದ ಎಂಜಿನ್. ಅದರ 100 ಅಶ್ವಶಕ್ತಿಯ ಮಾದರಿ 5,800 ಸುತ್ತನ್ನು 2.43ರ ಅನುಪಾತದಲ್ಲಿ ಇಳಿಸಿ ಪ್ರೊಪೆಲರಿಗೆ ಸುಮಾರು 2,390 ಸುತ್ತು ಕೊಡುತ್ತದೆ. ಐಡ್ಲಿಂಗ್ 1,400ಕ್ಕಿಂತ ಕೆಳಗಿಳಿಯಬಾರದೆಂದು, ಪ್ರೊಪೆಲರಿನ ಜಡತ್ವ ಇಷ್ಟನ್ನು ಮೀರಬಾರದೆಂದು ಅದರ ಕೈಪಿಡಿ ಅಂಕಿಯಲ್ಲಿಯೇ ಹೇಳುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ತರಬೇತಿ ವಿಮಾನ ಹಂಸ-3ರಲ್ಲಿ ಇದೇ ಕುಟುಂಬದ ರೋಟ್ಯಾಕ್ಸ್ 914 ಇದೆ, 2021ರಲ್ಲಿ ಮೊದಲ ಬಾರಿ ಹಾರಿದ ಹಂಸ-ಎನ್‌ಜಿಯಲ್ಲಿ 912ರ ಹೊಸ ಮಾದರಿ ಇದೆ. ನಮ್ಮ ಆಕಾಶದಲ್ಲಿಯೂ ಗೇರ್ ಇರುವ ಪ್ರೊಪೆಲರುಗಳು ಬಹುಕಾಲದಿಂದ ತಿರುಗುತ್ತಿವೆ, ಆದರೆ ಅವುಗಳ ಹಿಂದೆ ಪುಸ್ತಕವಿದೆ.

ರೋಟ್ಯಾಕ್ಸ್ ಎಂಜಿನ್ನಿನ ಒಂದು ತಪಾಸಣೆಯನ್ನು ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಮೆಕ್ಯಾನಿಕ್ ಕ್ರ್ಯಾಂಕ್‌ಶಾಫ್ಟ್ ತಿರುಗದಂತೆ ಪಿನ್ ಹಾಕಿ ಬಂಧಿಸುತ್ತಾನೆ. ಪ್ರೊಪೆಲರಿನ ಮಧ್ಯದಿಂದ ಅಳೆದ ದೂರದಲ್ಲಿ ಅಲಗಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ನಿಧಾನವಾಗಿ ಎಳೆಯುತ್ತಾನೆ. ಅಲಗು ಕೆಲವು ಡಿಗ್ರಿಗಳಷ್ಟು ಬಿಗಿಯಾಗಿ ಸರಿದು ನಿಲ್ಲುತ್ತದೆ. ಆ ಸರಿದಾಟದಲ್ಲಿ ತಕ್ಕಡಿ ತೋರಿದ ಭಾರವನ್ನು ದೂರದಿಂದ ಗುಣಿಸಿ, ಕೈಪಿಡಿಯ ಅಂಕಿಯ ಪಕ್ಕ ಬರೆಯುತ್ತಾನೆ. ಹತ್ತು ನಿಮಿಷದ ಈ ಕೆಲಸ ಗೇರ್‌ಬಾಕ್ಸ್ ಬಿಚ್ಚದೆಯೇ, ಹೊಡೆತ ಮಿತಿಮೀರಿದಾಗ ಜಾರಿಕೊಡುವ ಒಳಗಿನ ಕ್ಲಚ್ಚಿನ ಸ್ಥಿತಿಯನ್ನು ಹೇಳುತ್ತದೆ.

ಕೈಪಿಡಿಯಿಲ್ಲದ ಡ್ರೈವಿನ ಮುಂದೆ ನಿಂತವನು ಬೇರೆ ಗುರುತುಗಳನ್ನು ನೋಡಬೇಕು. ಅಲಗು ಹಿಡಿದು ಮೆಲ್ಲನೆ ಅಲುಗಿಸಿದಾಗ ಕೈಗೆ ತಾಗುವ ಪ್ಲೇ, ಅಂದರೆ ಸಡಿಲ, ಎಷ್ಟು, ಹೋದ ವರ್ಷಕ್ಕಿಂತ ಹೆಚ್ಚಾಗಿದೆಯೇ? ಎಣ್ಣೆ ಇಳಿಸಿದಾಗ ಅಯಸ್ಕಾಂತದ ಪ್ಲಗ್ಗಿಗೆ ಮೆತ್ತಿದ್ದು ಬೆರಳಿನಲ್ಲಿ ಉಜ್ಜಿದರೆ ಮಸಿಯಂತೆ ಹರಡುವ ನುಣುಪು ಪುಡಿಯೇ, ಉಗುರಿಗೆ ಸಿಗುವ ಚೂರೇ? ನುಣುಪು ಪುಡಿ ಸಾಮಾನ್ಯ ಸವೆತದ್ದಿರಬಹುದು, ಚೂರು ಸಿಕ್ಕರೆ ಹಾರಾಟ ನಿಲ್ಲಿಸಬೇಕು. ಸ್ಪ್ಲೈನ್ ಜೋಡಣೆಯ (ಶಾಫ್ಟಿನ ಉದ್ದನೆಯ ಏಣುಗಳು ಎದುರಿನ ಗಾಡಿಗಳಲ್ಲಿ ಕೂರುವ ಕಡೆ) ಸುತ್ತ ಇಟ್ಟಿಗೆ ಬಣ್ಣದ ಒಣ ಪುಡಿ ಕೂತಿದ್ದರೆ, ಎಣ್ಣೆ ತಲುಪದ ಉಕ್ಕು ಉಕ್ಕಿಗೆ ಸೂಕ್ಷ್ಮವಾಗಿ ಉಜ್ಜುತ್ತಿದೆ ಎಂದರ್ಥ. ಅದು ತುಕ್ಕಿನಂತೆ ಕಂಡರೂ ಒರೆಸಿ ಬಿಡುವಂಥದ್ದಲ್ಲ. ರಬ್ಬರ್ ಕಪ್ಲಿಂಗ್ ಶಾಖಕ್ಕೆ ಗಟ್ಟಿಯಾಗುತ್ತ ಹೋದಂತೆ ಇಡೀ ಜೋಡಣೆಯ ತೂಗಾಟದ ಲಯವೇ ಬದಲಾಗುತ್ತದೆ. ಆದ್ದರಿಂದ ಬಿರುಕು ಕಾಣದಿದ್ದರೂ ಅದನ್ನು ವಯಸ್ಸಿಗೆ ತಕ್ಕಂತೆ ಬದಲಿಸುವುದು ಜಾಣತನ. ಬೆಲ್ಟಾದರೆ ಬಿಗಿತ ಮತ್ತು ಹಲ್ಲಿನ ಬುಡ ನೋಡಬೇಕು. ಹಗುರ ಮರದ ಪ್ರೊಪೆಲರ್ ತೆಗೆದು ಭಾರದ ಲೋಹದ್ದನ್ನು ಹಾಕಿದವರು ಪ್ರೊಪೆಲರನ್ನು ಮಾತ್ರ ಬದಲಿಸಿದೆವು ಎಂದುಕೊಂಡರೂ, ಡ್ರೈವಿನ ಮಟ್ಟಿಗೆ ಅದು ಹೊಸ ಯಂತ್ರವೇ.

ಇದೆಲ್ಲವನ್ನೂ ಕಟ್ಟಿದವರು ಬಲ್ಲರು. ಯಾವ ಸುತ್ತಿನಲ್ಲಿ ಗೇರ್‌ಬಾಕ್ಸ್ ಗೊರಗೊರ ಎನ್ನುತ್ತದೆ, ಎಲ್ಲಿ ನಿಲ್ಲದೆ ದಾಟಬೇಕು ಎಂಬುದು ಅವರ ಕಿವಿಯಲ್ಲಿದೆ. ಅಮೆರಿಕದ ನಿಯಮವೂ ಅದನ್ನು ಗೌರವಿಸುತ್ತದೆ: ವಿಮಾನವನ್ನು ಕಟ್ಟಿದ ಮುಖ್ಯ ವ್ಯಕ್ತಿ ಅರ್ಜಿ ಹಾಕಿ ರಿಪೇರ್‌ಮನ್ ಪ್ರಮಾಣಪತ್ರ ಪಡೆದು, ಹನ್ನೆರಡು ತಿಂಗಳಿಗೊಮ್ಮೆ ಆಗಬೇಕಾದ ತಪಾಸಣೆಯನ್ನು ತಾನೇ ಮಾಡಬಹುದು. ವಿಮಾನ ಮಾರಾಟವಾದರೆ ಆ ಪ್ರಮಾಣಪತ್ರ ಕೊಂಡವರ ಜೊತೆ ಹೋಗುವುದಿಲ್ಲ. ಅವರು ಬಹುಮಟ್ಟಿಗೆ ಪರವಾನಗಿ ಪಡೆದ ಮೆಕ್ಯಾನಿಕ್‌ನನ್ನು ಕರೆಯುತ್ತಾರೆ. ಆತ ವಿಮಾನ ಎಂಜಿನ್ನುಗಳನ್ನು ಬಲ್ಲವನಾದರೂ ಈ ಡ್ರೈವಿನಂಥ ಇನ್ನೊಂದನ್ನು ಕಂಡಿರಲಿಕ್ಕಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವ್ಯಾಸಿಗಳು ಕಟ್ಟಿದ ವಿಮಾನಗಳು ಅಲ್ಲಿನ ಜನರಲ್ ಏವಿಯೇಷನ್ ವಿಮಾನಗಳಲ್ಲಿ (ಏರ್‌ಲೈನ್ ಮತ್ತು ಸೇನೆಯವನ್ನು ಬಿಟ್ಟು ಉಳಿದವು) ಸುಮಾರು ಶೇ. 10ರಷ್ಟಿದ್ದರೂ, ಆ ವರ್ಗದ 2011ರ ಪ್ರಾಣಹಾನಿಯ ಅಪಘಾತಗಳಲ್ಲಿ ಶೇ. 21 ಅವುಗಳ ಪಾಲಾಗಿತ್ತು. ಎಂಜಿನ್ ಮತ್ತು ಅದಕ್ಕೆ ಸೇರಿದ ವ್ಯವಸ್ಥೆಗಳ ವೈಫಲ್ಯ ಮುಖ್ಯ ಕಾರಣಗಳಲ್ಲೊಂದು. ಅಪಘಾತಕ್ಕೀಡಾದವುಗಳಲ್ಲಿ ದೊಡ್ಡ ಪಾಲು ಕಟ್ಟಿದವರಿಂದ ಕೊಂಡುಕೊಂಡ ವಿಮಾನಗಳು. ಈ ಅಂಕಿಗಳು ರಿಡಕ್ಷನ್ ಡ್ರೈವನ್ನು ಬೇರ್ಪಡಿಸಿ ಹೇಳುವುದಿಲ್ಲ, ಅವುಗಳಿಂದ ಹಾಗೆ ಅರ್ಥ ಹಿಂಡುವುದೂ ಸರಿಯಲ್ಲ. ಆದರೆ ವಿಮಾನ ಕೈಬದಲಾದಾಗ ತಿಳಿವಳಿಕೆ ಹಿಂದೆಯೇ ಉಳಿಯುತ್ತದೆ ಎಂಬ ಮಾತಿಗೆ ಅವು ಬಲ ಕೊಡುತ್ತವೆ.

1990ರ ದಶಕದಲ್ಲಿ ಗ್ಯಾರೇಜಿನಲ್ಲಿ ವಿಮಾನ ಕಟ್ಟಿದವರು ಈಗ ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿದ್ದಾರೆ. ಅವರ ವಿಮಾನಗಳು ಎರಡನೆಯ, ಮೂರನೆಯ ಕೈಗೆ ಹೋಗುತ್ತಿರುವುದು ಈಗಲೇ. ಕೊಳ್ಳುವವರು ಬಣ್ಣ, ರೇಡಿಯೊ, ಹಾರಿದ ಗಂಟೆ ವಿಚಾರಿಸುತ್ತಾರೆ. ಡ್ರೈವಿನ ಬೇರಿಂಗ್ ನಂಬರ್, ಹಾಕಿದ ಎಣ್ಣೆ, ಹೊಸದಿದ್ದಾಗ ಡಯಲ್ ಗೇಜಿನಲ್ಲಿ (ಸೂಕ್ಷ್ಮ ಸರಿದಾಟವನ್ನು ಮುಳ್ಳಿನಲ್ಲಿ ತೋರುವ ಸಾಧನ) ಅಳೆದ ಪ್ಲೇ, ಕಪ್ಲಿಂಗ್ ಬದಲಿಸಿದ ತಾರೀಕು, ತಪ್ಪಿಸಬೇಕಾದ ಆರ್‌ಪಿಎಂ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಲು ಒಂದು ಮಧ್ಯಾಹ್ನ ಸಾಕು, ಅದೂ ಕಟ್ಟಿದವರು ಬದುಕಿದ್ದು ಅವರಿಗೆ ನೆನಪಿರುವಾಗ. ಆ ಹಾಳೆ ಇಲ್ಲದ ವಿಮಾನದ ಮುಂದೆ ಮೆಕ್ಯಾನಿಕ್ ಡಯಲ್ ಗೇಜನ್ನು ಹೊದಿಕೆಗೆ ಕಚ್ಚಿಸಿ, ಅಲಗನ್ನು ಅಲುಗಿಸಿ, ಮುಳ್ಳು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಲಾಗ್‌ಬುಕ್ಕಿನಲ್ಲಿ ಬರೆಯುತ್ತಾನೆ. ಅದು ಸರಿಯಾದ ಅಳತೆಯೋ ಅಲ್ಲವೋ ಎಂದು ಹೋಲಿಸಿ ನೋಡಲು ಆತನ ಬಳಿ ಮೊದಲಿನ ಅಳತೆ ಇರುವುದಿಲ್ಲ.