ಕಾಳುಮೆಣಸಿಗಾಗಿ ಬಂದವರ ಊಟ ಯಾಕೆ ಸಪ್ಪೆ?

ಪ್ರಶ್ನೆ: ಇಂಗ್ಲಿಷರು ಮಸಾಲೆ ಸಾಮಾನಿಗಾಗಿ ಸಮುದ್ರ ದಾಟಿ ನಮ್ಮಲ್ಲಿಗೆ ಬಂದರು. ಆದರೂ ಅವರ ಊಟ ಸಪ್ಪೆ ಅಂತಾರಲ್ಲ, ಯಾಕೆ?

ಉತ್ತರ: ಮೊದಲು ಹಾಗಿರಲಿಲ್ಲ. 1390ರ ಸುಮಾರಿಗೆ ಎರಡನೇ ರಿಚರ್ಡ್ ರಾಜನ ಬಾಣಸಿಗರು ಮಾಡಿಟ್ಟ ಪಾಕಪುಸ್ತಕ ಇಂದಿಗೂ ಉಳಿದಿದೆ. ಅದರ ತುಂಬ ಶುಂಠಿ, ಚಕ್ಕೆ, ಲವಂಗ, ಬಾದಾಮಿ ಹಾಲು. ಕೇಸರಿಯನ್ನಂತೂ ಇಂಗ್ಲೆಂಡಿನ ಎಸೆಕ್ಸ್‌ನಲ್ಲೇ ಬೆಳೆಯುತ್ತಿದ್ದರು. ಇದೆಲ್ಲ ಉಳ್ಳವರ ಊಟ ಬಿಡಿ. ಬಡವರಿಗೆ ಗಂಜಿ, ಬ್ರೆಡ್ಡು, ಬಟಾಣಿ.

17ನೇ ಶತಮಾನದಲ್ಲಿ ಹಡಗುಗಳು ಮೆಣಸನ್ನು ಮೂಟೆಗಟ್ಟಲೆ ತಂದು ಸುರಿದವು. ಬೆಲೆ ಇಳಿಯಿತು. ಎಲ್ಲರ ಮನೆಯಲ್ಲೂ ಇರುವ ಸಾಮಾನಿನಲ್ಲಿ ಶ್ರೀಮಂತರಿಗೇನು ದೊಡ್ಡಸ್ತಿಕೆ? ಅದೇ ಹೊತ್ತಿಗೆ ಫ್ರಾನ್ಸಿನ ಹೊಸ ಅಡುಗೆ ಬಂತು. ಬೆಣ್ಣೆ, ಸೊಪ್ಪು ಹಾಕಿ ಮಾಂಸದ ರುಚಿಯನ್ನೇ ಮುಂದೆ ಮಾಡುವುದು ಅದರ ರೀತಿ. ಹಾಗಂತ ಮಸಾಲೆಯನ್ನು ಪೂರ್ತಿ ಬಿಟ್ಟುಬಿಡಲಿಲ್ಲ. 1747ರಲ್ಲಿ ಹ್ಯಾನಾ ಗ್ಲಾಸ್ ಬರೆದ ಅಡುಗೆ ಪುಸ್ತಕದಲ್ಲಿ ಇಂಡಿಯಾ ಶೈಲಿಯ ಕರಿ (ಮಸಾಲೆ ಹಾಕಿದ ಗೊಜ್ಜಿನಂಥ ಅಡುಗೆ) ಇದೆ. 1810ರಲ್ಲಿ ಪಟ್ನಾದ ದೀನ್ ಮಹಮ್ಮದ್ ಲಂಡನ್ನಿನಲ್ಲಿ ನಮ್ಮ ಕಡೆಯ ಊಟದ ಹೋಟೆಲ್ ತೆರೆದರು. ಇಂಗ್ಲಿಷರ ಹುಳಿ-ಖಾರದ ವೂಸ್ಟರ್ ಸಾಸ್ ಸಿಕ್ಕಿದರೆ ಬಾಟಲಿಯ ಲೇಬಲ್ ಓದಿ, ಹುಣಸೆಹಣ್ಣು ಕಾಣುತ್ತದೆ.

ನನ್ನ ಪ್ರಕಾರ ಹೆಸರು ಕೆಟ್ಟಿದ್ದು ಎರಡನೇ ಮಹಾಯುದ್ಧದ ರೇಷನ್ನಿನಿಂದ. 1940ರ ಜನವರಿಯಲ್ಲಿ ಶುರುವಾಗಿ 1954ರ ಜುಲೈವರೆಗೂ ಎಳೆಯಿತು. ಒಬ್ಬರಿಗೆ ವಾರಕ್ಕೆ 57 ಗ್ರಾಂನಷ್ಟು ಬೆಣ್ಣೆ, ಅಷ್ಟೇ ಟೀಪುಡಿ. ಸಿಕ್ಕರೆ ಒಂದು ಮೊಟ್ಟೆ, ಇಲ್ಲದಿದ್ದರೆ ಅಮೆರಿಕದಿಂದ ಬಂದ ಮೊಟ್ಟೆಪುಡಿ. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬ್ರೆಡ್ಡಿಗೂ ರೇಷನ್ ಬಂತು! ಹೀಗೆ ಬೆಳೆದ ಮಕ್ಕಳು ಮುಂದೆ ಎಂಥ ಅಡುಗೆ ಕಲಿತಾರು? ಯುದ್ಧಕ್ಕೆಂದು ಬಂದ ಹೊರಗಿನ ಸೈನಿಕರು ಕಂಡಿದ್ದೂ ಈ ಊಟವನ್ನೇ. ಹಸಿವಿನ ಕಾಲದ ತಟ್ಟೆ ನೋಡಿ ಒಂದಿಡೀ ದೇಶಕ್ಕೆ ನಾಲಿಗೆಯೇ ಇಲ್ಲ ಅನ್ನೋದು ಅನ್ಯಾಯ ಅಲ್ವಾ?

ಯುದ್ಧದುದ್ದಕ್ಕೂ ರೇಷನ್ ಇಲ್ಲದೆ ಸಿಗುತ್ತಿದ್ದದ್ದು ಫಿಶ್ ಅಂಡ್ ಚಿಪ್ಸ್, ಅಂದರೆ ಕರಿದ ಮೀನು, ಆಲೂಗಡ್ಡೆ. ಅದರ ಕರಿದ ಮೀನೂ ಸ್ಪೇನ್, ಪೋರ್ಚುಗಲ್ ಬಿಟ್ಟು ಬಂದ ಯೆಹೂದಿಗಳ ಅಡುಗೆಯಿಂದ ಬಂದದ್ದು ಎನ್ನುತ್ತಾರೆ. ಯುದ್ಧದ ನಂತರ ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು ಇಂಥ ಅಂಗಡಿಗಳನ್ನು ಕೊಂಡು, ಮೀನಿನ ಜೊತೆಗೆ ಕರಿ, ಅನ್ನವನ್ನೂ ಮಾರತೊಡಗಿದರು. ಇವತ್ತು ಅಲ್ಲಿ 'ಇಂಡಿಯನ್' ಬೋರ್ಡ್ ಹಾಕಿಕೊಂಡ ಹೋಟೆಲುಗಳಲ್ಲಿ ಜಾಸ್ತಿ ಅವರದ್ದೇ.