ಫೈಬರ್‌ಗ್ಲಾಸ್ ಕಂಬಿ: ಬಲಕ್ಕಿಂತ ಮೊದಲು ಬಿಗಿ ನೋಡಿ

ಕಾಂಕ್ರೀಟಿನೊಳಗೆ ಉಕ್ಕಿನ ಕಂಬಿಯ ಬದಲು ಹಾಕುವ, ಗಾಜಿನ ಎಳೆಗಳನ್ನು ರೆಸಿನ್ ಎಂಬ ಅಂಟಿನಲ್ಲಿ ಕೂಡಿಸಿ ಮಾಡಿದ ಕಂಬಿಯ ಪಾಠ ಇದು. ಇದನ್ನು ಓದುವಾಗ ನಾವೆಲ್ಲ ಎಡವುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಉಕ್ಕಿನ ಕಂಬಿ ಸುಮಾರು 500 ಮೆಗಾಪ್ಯಾಸ್ಕಲ್ (ಒಂದು ಚದರ ಮಿಲಿಮೀಟರಿಗೆ ಅಷ್ಟು ನ್ಯೂಟನ್) ಎಳೆತಕ್ಕೆ ಮಣಿಯುತ್ತದೆ, ಅಂದರೆ ಮತ್ತೆ ಮೊದಲಿನ ಉದ್ದಕ್ಕೆ ಬಾರದಂತೆ ಹಿಗ್ಗತೊಡಗುತ್ತದೆ. ಫೈಬರ್‌ಗ್ಲಾಸ್ ಕಂಬಿ 800, ಕೆಲವೊಮ್ಮೆ 1000ದವರೆಗೂ ತಾಳುತ್ತದೆ. ಹಾಗಾದ್ರೆ ಅರ್ಧ ಕಂಬಿ ಸಾಕು ಅಲ್ವಾ? ಸಾಕಾಗುವುದಿಲ್ಲ. ಯಾಕೆ ಅಂತ ಗೊತ್ತಾದರೆ ಮುಕ್ಕಾಲು ಪಾಠ ಮುಗಿದ ಹಾಗೆ.

ಒಂದೊಂದು ಮೀಟರ್ ಉದ್ದದ ಎರಡು ಕಂಬಿ ತಗೊಳ್ಳಿ, ಒಂದು ಉಕ್ಕಿನದು, ಇನ್ನೊಂದು ಫೈಬರ್‌ಗ್ಲಾಸ್. ಎರಡಕ್ಕೂ 200 ಮೆಗಾಪ್ಯಾಸ್ಕಲ್ ಎಳೆತ ಕೊಡಿ. ಉಕ್ಕಿನ ಯಂಗ್ಸ್ ಮಾಡ್ಯುಲಸ್ (ಬಿಗಿಯ ಅಳತೆ, ಇದು ಜಾಸ್ತಿ ಇದ್ದಷ್ಟೂ ಹಿಗ್ಗುವುದು ಕಡಿಮೆ) 200 ಗಿಗಾಪ್ಯಾಸ್ಕಲ್, ಅದು 1 ಮಿಲಿಮೀಟರ್ ಹಿಗ್ಗುತ್ತದೆ. ಫೈಬರ್‌ಗ್ಲಾಸ್‌ನದು ಸುಮಾರು 50, ಅದು 4 ಮಿಲಿಮೀಟರ್ ಹಿಗ್ಗುತ್ತದೆ. ಬೀಮಿನೊಳಗೆ ಕಂಬಿ ಇಷ್ಟು ಹಿಗ್ಗಿದರೆ ಬಿರುಕು ಅಗಲವಾಗುತ್ತದೆ, ಬೀಮು ಜಾಸ್ತಿ ಜೋತುಬೀಳುತ್ತದೆ. ಅದಕ್ಕೇ ಹೆಚ್ಚಿನ ಕಡೆ ಎಷ್ಟು ಕಂಬಿ ಬೇಕು ಅಂತ ತೀರ್ಮಾನಿಸುವುದು ಬಲವಲ್ಲ, ಬಾಗು ಮತ್ತು ಬಿರುಕಿನ ಅಗಲ. ಲೆಕ್ಕ ಬಿಡಿಸುವಾಗ ಇವೆರಡನ್ನು ಕೊನೆಗೆ ಉಳಿಸಿಕೊಳ್ಳಬೇಡಿ.

ಇನ್ನೊಂದು ದೊಡ್ಡ ವ್ಯತ್ಯಾಸ, ಫೈಬರ್‌ಗ್ಲಾಸ್ ಕಂಬಿ ಮಣಿಯುವುದಿಲ್ಲ. ಉಕ್ಕು ಮುರಿಯುವ ಮೊದಲು ತುಂಬಾ ಹಿಗ್ಗಿ ಎಚ್ಚರಿಕೆ ಕೊಡುತ್ತದೆ. ಇದು ಎಳೆತ ಹೆಚ್ಚಿದಷ್ಟೇ ಹಿಗ್ಗುತ್ತಾ ನೇರ ಗೆರೆಯಲ್ಲೇ ಹೋಗಿ ಪಟಕ್ಕನೆ ತುಂಡಾಗುತ್ತದೆ. ಹಾಗಾಗಿ ಉಕ್ಕಿನ ಪಾಠದಲ್ಲಿ ಕಲಿತದ್ದನ್ನು ಇಲ್ಲಿ ತಿರುಗಿಸಿ ಹಾಕಬೇಕು. ಅಲ್ಲಿ ಉಕ್ಕು ಮೊದಲು ಮಣಿಯಲಿ ಅನ್ನುತ್ತೇವೆ. ಇಲ್ಲಿ ಕಂಬಿ ತುಂಡಾಗುವ ಮೊದಲು ಮೇಲಿನ ಕಾಂಕ್ರೀಟ್ ನುಗ್ಗಾಗಲಿ ಅನ್ನುತ್ತೇವೆ. ಅಮೆರಿಕದ ಕಾಂಕ್ರೀಟ್ ಸಂಸ್ಥೆ ಎಸಿಐನ 440.1ಆರ್ ಮಾರ್ಗದರ್ಶಿಯಲ್ಲಿ ಕಂಬಿ ತುಂಡಾಗುವ ಬಗೆಗೆ ಬಲ ತಗ್ಗಿಸುವ ಗುಣಕ (ಸುರಕ್ಷತೆಗಾಗಿ ಲೆಕ್ಕದ ಬಲಕ್ಕೆ ಗುಣಿಸುವ ಅಂಕಿ) 0.55, ಕಾಂಕ್ರೀಟ್ ನುಗ್ಗಾಗುವ ಬಗೆಗೆ 0.65. ಪಟಕ್ಕನೆ ತುಂಡಾಗುವ ಬಗೆಗೆ ಗುಣಕ ಕಡಿಮೆ, ಆ ಎರಡು ಅಂಕಿಯಲ್ಲೇ ಈ ವಿಚಾರ ಇದೆ. ವರ್ಷಗಟ್ಟಲೆ ಒಂದೇ ಭಾರ ಹೊತ್ತರೆ ಈ ಕಂಬಿ ತನ್ನ ಪೂರ್ತಿ ಬಲಕ್ಕಿಂತ ಎಷ್ಟೋ ಕಡಿಮೆಯಲ್ಲಿ ತುಂಡಾಗಬಹುದು. ಹಾಗಾಗಿ ಸದಾ ಇರುವ ಭಾರಕ್ಕೆ ಬೇರೆ ಮಿತಿ ಇದೆ.

ಇಷ್ಟೆಲ್ಲ ತೊಡಕಿದ್ದರೂ ಯಾಕೆ ಬೇಕು? ತುಕ್ಕು. ಉಕ್ಕು ತುಕ್ಕಾದಾಗ ಗಾತ್ರ ಹಲವು ಪಟ್ಟು ಹಿಗ್ಗಿ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ. ಫೈಬರ್‌ಗ್ಲಾಸ್ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಕಡಲ ದಂಡೆಯ ಗೋಡೆ, ಹಿಮ ಕರಗಿಸಲು ಉಪ್ಪು ಚೆಲ್ಲುವ ಸೇತುವೆ, ಇಂಥ ಕಡೆ ಇದಕ್ಕೆ ನಿಜವಾದ ಬೆಲೆ. ಕಾಂತಕ್ಕೆ ಅಂಟದ ಕಾರಣ ಎಂಆರ್‌ಐ ಕೋಣೆಗೂ ಹೊಂದುತ್ತದೆ. ನನಗೆ ತುಂಬಾ ಇಷ್ಟವಾದ ಬಳಕೆ ಸುರಂಗದ್ದು: ಕೊರೆಯುವ ಯಂತ್ರ ದಾಟಬೇಕಾದ ಗೋಡೆಯ ಭಾಗದಲ್ಲಿ ಮಾತ್ರ ಈ ಕಂಬಿ ಹಾಕುತ್ತಾರೆ. ಯಂತ್ರ ಅದನ್ನು ಕತ್ತರಿಸಿಕೊಂಡೇ ಮುಂದೆ ಹೋಗುತ್ತದೆ.

ಬೆಂಕಿಯ ವಿಷಯ ಮರೆಯಬೇಡಿ. ಗಾಜಿನ ಎಳೆ ತಾಳಿದರೂ ಅದನ್ನು ಹಿಡಿದಿರುವ ರೆಸಿನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಮೆತ್ತಗಾಗತೊಡಗುತ್ತದೆ, ಕಾಂಕ್ರೀಟಿನ ಜೊತೆಗಿನ ಹಿಡಿತ ಸಡಿಲವಾಗುತ್ತದೆ.

ಕೆಲಸದ ಜಾಗದಲ್ಲೂ ಅಭ್ಯಾಸ ಬದಲಾಗಬೇಕು. 12 ಮಿಲಿಮೀಟರ್ ಉಕ್ಕಿನ ಕಂಬಿ ಮೀಟರಿಗೆ 0.89 ಕೆಜಿ, ಅದೇ ದಪ್ಪದ ಫೈಬರ್‌ಗ್ಲಾಸ್ ಕಂಬಿ ಸುಮಾರು 0.24. ಎತ್ತುವುದು ಸಲೀಸು. ಆದರೆ ರೆಸಿನ್ ಒಮ್ಮೆ ಗಟ್ಟಿಯಾದ ಮೇಲೆ ಬಗ್ಗಿಸಲು ಬರುವುದಿಲ್ಲ, ಕೊಕ್ಕೆ, ರಿಂಗು ಎಲ್ಲ ಕಾರ್ಖಾನೆಯಲ್ಲೇ ಬಗ್ಗಿ ಬರಬೇಕು. ಕತ್ತರಿಸುವಾಗ ಮುಖಕ್ಕೆ ಮಾಸ್ಕ್ ಬೇಕೇ ಬೇಕು, ಗಾಜಿನ ಪುಡಿ ಏಳುತ್ತದೆ. ಕಂಬಿ ಹಸಿ ಕಾಂಕ್ರೀಟಿಗಿಂತಲೂ ಹಗುರ, ಕಾಂಕ್ರೀಟ್ ಕೂರಿಸಲು ಅದನ್ನು ನಡುಗಿಸುವ ವೈಬ್ರೇಟರ್ ಇಟ್ಟಾಗ ಮೇಲೆ ತೇಲಬಹುದು. ಅದಕ್ಕೇ ಸುಮ್ನೆ ಕವರ್ ಬ್ಲಾಕ್ (ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಚಿಕ್ಕ ತುಂಡು) ಮೇಲೆ ಇಟ್ಟು ಬಿಡದೆ, ಕೆಳಕ್ಕೆ ಎಳೆದು ಕಟ್ಟುತ್ತಾರೆ.