ಬ್ಯಾಕಪ್‌ಗಾಗಿ ಅಗ್ಗದ ಹಾರ್ಡ್ ಡಿಸ್ಕ್ ಕೊಳ್ಳುವುದು: ಸಹಪಾಠಿಗಳಿಗೊಂದು ಟಿಪ್ಪಣಿ

ಬ್ಯಾಕಪ್ ಎಂಬ ಮಾತಿಗೆ ಈ ಟಿಪ್ಪಣಿಯಲ್ಲಿ ಒಂದೇ ಅರ್ಥವಿದೆ: ಕಡತದ ಮೂಲ ಹಾಳಾದರೂ ಅದರ ಇನ್ನೊಂದು ಪ್ರತಿ ಬೇರೊಂದು ಸಾಧನದಲ್ಲಿ ಉಳಿದಿರಬೇಕು. ಲ್ಯಾಪ್‌ಟಾಪ್‌ನಲ್ಲಿ ಜಾಗ ತುಂಬಿತೆಂದು ಫೈಲುಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಸಾಗಿಸಿ, ಆಮೇಲೆ ಲ್ಯಾಪ್‌ಟಾಪ್‌ನಿಂದ ಅಳಿಸಿಹಾಕುವುದು ಬ್ಯಾಕಪ್ ಅಲ್ಲ. ಅದು ಬುತ್ತಿಯ ಗಂಟನ್ನು ಒಂದು ಗೂಟದಿಂದ ಬಿಚ್ಚಿ ಇನ್ನೊಂದು ಗೂಟಕ್ಕೆ ತೂಗುಹಾಕಿದಂತೆ, ಗಂಟು ಮಾತ್ರ ಒಂದೇ. ಈ ಭೇದ ನನಗೆ ತಿಳಿದದ್ದು ನಷ್ಟವಾದ ಮೇಲೆ. ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಹಳ್ಳಿಗಳಲ್ಲಿ ಭಜನಾ ಮಂಡಳಿಗಳವರು ಹಾಡಿದ ತತ್ವಪದಗಳನ್ನು ಧ್ವನಿಮುದ್ರಿಸಿ, ಅವನ್ನೆಲ್ಲ ಒಂದೇ ಡಿಸ್ಕಿನಲ್ಲಿಟ್ಟು, ಅದು ಓಡುತ್ತಿರುವಾಗಲೇ ಮೇಜಿನಿಂದ ಕೆಳಕ್ಕೆ ಬೀಳಿಸಿದವನು ನಾನು. ಡಿಸ್ಕು ಕಟ್‌ಕಟ್ ಎಂದು ಸದ್ದು ಮಾಡಿತೇ ಹೊರತು ಮತ್ತೆ ತೆರೆದುಕೊಳ್ಳಲಿಲ್ಲ. ಆದ್ದರಿಂದ ಯಾವ ಡಿಸ್ಕು ಅಗ್ಗ ಎಂಬ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ತಿರುಗಿಸಿ ಕೇಳಿಕೊಂಡಿದ್ದೇನೆ: ವಿದ್ಯಾರ್ಥಿಯ ಕೈಯಲ್ಲಿರುವ ಹಣದಲ್ಲಿಯೇ ಎರಡು ಪ್ರತಿಗಳನ್ನು ಇಡುವಂತೆ ಕೊಳ್ಳುವುದು ಹೇಗೆ?

ಎಷ್ಟು ಜಾಗ ಬೇಕು

ಅಂಗಡಿಗೆ ಹೋಗುವ ಮೊದಲು ನಮ್ಮ ಕಡತಗಳ ಗಾತ್ರವನ್ನು ಲೆಕ್ಕ ಹಾಕಿಕೊಳ್ಳಬೇಕು. ಸಿ.ಡಿ. ಗುಣಮಟ್ಟದ ವೇವ್ (ಕುಗ್ಗಿಸದೆ ಇಡುವ ಬಗೆಯ) ಧ್ವನಿಮುದ್ರಣ ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊದಲ್ಲಿ ಮುದ್ರಿಸಿದರೆ ಅದು ಗಂಟೆಗೆ 1 ಜಿಬಿ ದಾಟುತ್ತದೆ. ಹೀಗೆ 40 ಗಂಟೆಗಳ ಕ್ಷೇತ್ರಕಾರ್ಯಕ್ಕೆ 42 ಜಿಬಿ ಸಾಕು. ತಲಾ 4 ಎಂಬಿಯ 10,000 ಫೋಟೊಗಳಿಗೆ 40 ಜಿಬಿ, ಸ್ಕ್ಯಾನ್ ಮಾಡಿದ 50 ಎಂಬಿಯ 500 ಪುಸ್ತಕಗಳಿಗೆ 25 ಜಿಬಿ. ಎಲ್ಲವನ್ನೂ ಕೂಡಿಸಿದರೂ 1 ಟಿಬಿಯ ಎಂಟನೆಯ ಒಂದು ಭಾಗವೂ ತುಂಬುವುದಿಲ್ಲ. ಜಾಗವನ್ನು ನುಂಗುವುದು ವಿಡಿಯೊ: ಸೆಕೆಂಡಿಗೆ 17 ಮೆಗಾಬಿಟ್ ದರದಲ್ಲಿ ಫೋನು ಚಿತ್ರೀಕರಿಸಿದರೆ ಗಂಟೆಗೆ 7.6 ಜಿಬಿಗಿಂತ ಹೆಚ್ಚಾಗುತ್ತದೆ. ಇನ್ನು ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದ ನಮ್ಮ ಭಾಗದವರಿಗೆ ಮೀಸಲಾತಿಗೆ ಅಗತ್ಯವಾದ 371(ಜೆ) ಪ್ರಮಾಣಪತ್ರ, ಇವೆಲ್ಲ ಸೇರಿ ಕೆಲವೇ ಎಂಬಿ. ಕಳೆದುಕೊಂಡರೆ ಕಚೇರಿಗಳಿಗೆ ಅಲೆಯುವ ದಿನಗಳು ಮಾತ್ರ ಕೆಲವೇ ಆಗಿರುವುದಿಲ್ಲ.

1 ಟಿಬಿ ಎಂದು ಕೊಂಡ ಡಿಸ್ಕನ್ನು ವಿಂಡೋಸ್ 931 ಜಿಬಿ ಎಂದು ತೋರಿಸಿದಾಗ ಅಂಗಡಿಯವರೊಡನೆ ಜಗಳಕ್ಕೆ ಇಳಿಯಬೇಕಾಗಿಲ್ಲ. ತಯಾರಕರು 1 ಟಿಬಿಯನ್ನು ಒಂದು ಲಕ್ಷ ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಭಾಗಿಸಿ ತೋರಿಸುತ್ತದೆ. ಬೈಟುಗಳು ಅಷ್ಟೇ ಇರುತ್ತವೆ, ಅಳೆಯುವ ಸೇರು ಮಾತ್ರ ಬೇರೆ.

ಯಾವ ಬಗೆಯದು

1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ 50 ಲಕ್ಷ ಅಕ್ಷರಗಳನ್ನು ಹಿಡಿಯುತ್ತಿದ್ದವು, ಅಂದರೆ ಇಂದಿನ ಒಂದೆರಡು ಫೋಟೊಗಳಷ್ಟು. ಗಾತ್ರ ಎಷ್ಟೇ ಕುಗ್ಗಿದ್ದರೂ ಮೂಲತತ್ವ ಬದಲಾಗಿಲ್ಲ: ಕಾಂತೀಯ ಲೇಪನವಿರುವ ತಟ್ಟೆ ತಿರುಗುತ್ತಿರುತ್ತದೆ, ಓದಿ ಬರೆಯುವ ಮುಳ್ಳು ಅದನ್ನು ಮುಟ್ಟದೆ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಓಡುವ ಡಿಸ್ಕು ಬಿದ್ದರೆ ಮುಳ್ಳು ತಟ್ಟೆಗೆ ಬಡಿಯುತ್ತದೆ. ನನ್ನ ಡಿಸ್ಕಿಗೆ ಆದದ್ದು ಅದೇ ಇರಬೇಕು. ಕಡತಗಳನ್ನು ಚಿಪ್ಪುಗಳಲ್ಲಿ ಹಿಡಿದಿಡುವ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇಂತಹ ಏಟನ್ನು ತಾಳಿಕೊಳ್ಳುತ್ತದೆ, ವೇಗವೂ ಹೆಚ್ಚು. ಆದರೆ ಅದೇ ಗಾತ್ರಕ್ಕೆ ಬೆಲೆ ಹೆಚ್ಚು, ಮತ್ತು ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರಲ್ಲಿ ಹಿಡಿದಿಟ್ಟ ವಿದ್ಯುದಾವೇಶ ಸೋರಿಹೋಗುವ ಸಾಧ್ಯತೆಯಿದೆ. ತುಂಬಿಸಿ ಬೀರುವಿನಲ್ಲಿಡುವ ಕೆಲಸಕ್ಕೆ ತಿರುಗುವ ಡಿಸ್ಕೇ ನಮ್ಮ ಜೇಬಿಗೆ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಅದರಲ್ಲಿಯೂ 2.5 ಇಂಚಿನ ಪೋರ್ಟಬಲ್ ಡಿಸ್ಕು ಯುಎಸ್‌ಬಿ ಕೇಬಲ್‌ನಿಂದಲೇ ವಿದ್ಯುತ್ ಪಡೆಯುತ್ತದೆ, 3.5 ಇಂಚಿನದಕ್ಕೆ ಪ್ರತ್ಯೇಕ ಅಡಾಪ್ಟರ್ ಬೇಕು. ದೊಡ್ಡದು ಟಿಬಿ ಲೆಕ್ಕದಲ್ಲಿ ಅಗ್ಗವಾಗಿ ಕಂಡರೂ, ಕರೆಂಟು ಹೋದೊಡನೆ ಬರೆಯುತ್ತಿದ್ದ ಡಿಸ್ಕು ನಡುವೆಯೇ ನಿಂತುಬಿಡುತ್ತದೆ. ಚಿಕ್ಕದನ್ನಾದರೆ ಲ್ಯಾಪ್‌ಟಾಪ್‌ನ ಬ್ಯಾಟರಿ ನಡೆಸಿಕೊಂಡು ಹೋಗುತ್ತದೆ. ಹಾಸ್ಟೆಲಿನಲ್ಲಿ, ಬಾಡಿಗೆ ಕೋಣೆಯಲ್ಲಿ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಪೋರ್ಟನ್ನೂ ಗಮನಿಸಬೇಕು. ಯುಎಸ್‌ಬಿ 2.0 ಪೋರ್ಟಿನಲ್ಲಿ ವಾಸ್ತವವಾಗಿ ಸೆಕೆಂಡಿಗೆ 35 ಎಂಬಿಯಷ್ಟು ಮಾತ್ರ ಸಾಗುವುದರಿಂದ 500 ಜಿಬಿ ನಕಲಾಗಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ, ಯುಎಸ್‌ಬಿ 3.0ರಲ್ಲಿ ಡಿಸ್ಕು ಸೆಕೆಂಡಿಗೆ 100 ಎಂಬಿ ಬರೆದರೆ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಇದಕ್ಕಿಂತ ಹೆಚ್ಚಿನ ವೇಗದ ಪೋರ್ಟಿಗೆಂದು ಹೆಚ್ಚು ಹಣ ಕೊಡುವುದು ವ್ಯರ್ಥ, ಏಕೆಂದರೆ ತಿರುಗುವ ತಟ್ಟೆಗೇ ಆ ವೇಗವಿಲ್ಲ.

ಬೆಲೆಯ ಲೆಕ್ಕ

ಡಿಸ್ಕಿನ ಗಾತ್ರ ಅರ್ಧವಾದರೆ ಬೆಲೆ ಅರ್ಧವಾಗುವುದಿಲ್ಲ. ಮೋಟರು, ಮುಳ್ಳು, ಸರ್ಕ್ಯೂಟ್, ಪೆಟ್ಟಿಗೆ ಇವುಗಳ ಖರ್ಚು ಎಲ್ಲಕ್ಕೂ ಇದ್ದೇ ಇರುತ್ತದೆ. ಲೆಕ್ಕಕ್ಕೆಂದು 1 ಟಿಬಿಗೆ 5,000 ರೂಪಾಯಿ, 2 ಟಿಬಿಗೆ 7,000 ರೂಪಾಯಿ ಎಂದು ಹಿಡಿಯೋಣ. ಟಿಬಿಗೆ 3,500 ರೂಪಾಯಿ ಬೀಳುವ ಎರಡನೆಯದೇ ಅಗ್ಗ ಎಂದು ಅಂಗಡಿಯವರು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ನಮ್ಮ ಕಡತಗಳು 300 ಜಿಬಿ ಮಾತ್ರ ಇದ್ದರೆ 1 ಟಿಬಿಯ ಎರಡು ಡಿಸ್ಕುಗಳಿಗೆ ಕೊಡುವ 10,000 ರೂಪಾಯಿಯೇ ಒಳ್ಳೆಯ ವ್ಯಾಪಾರ, ಏಕೆಂದರೆ ಆಗ ನಾವು ಕೊಂಡದ್ದು ಖಾಲಿ ಜಾಗವನ್ನಲ್ಲ, ಎರಡನೆಯ ಪ್ರತಿಯನ್ನು. ಎರಡನ್ನೂ ಒಂದೇ ದಿನ ಕೊಳ್ಳಬೇಕೆಂದಿಲ್ಲ. ಈ ಶಿಷ್ಯವೇತನದಲ್ಲಿ ಒಂದು, ಮುಂದಿನದರಲ್ಲಿ ಇನ್ನೊಂದು ಎಂದು, ಸಾಧ್ಯವಾದರೆ ಬೇರೆ ಬೇರೆ ಕಂಪನಿಗಳದ್ದನ್ನು ಕೊಳ್ಳಬಹುದು. ತಿರುಗುವ ಡಿಸ್ಕುಗಳನ್ನು ಇಂದು ತಯಾರಿಸುವವರು ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ ಎಂಬ ಮೂವರು ಮಾತ್ರ.

ಇನ್ನೂ ಅಗ್ಗದ ದಾರಿಯೊಂದಿದೆ. ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿಕೊಂಡವರ ಮನೆಯಲ್ಲಿ ತೆಗೆದಿಟ್ಟ 2.5 ಇಂಚಿನ ಸಾಟಾ (ಕಂಪ್ಯೂಟರಿನ ಒಳಗೆ ಜೋಡಿಸುವ ಬಗೆಯ) ಡಿಸ್ಕು ಬಿದ್ದಿರುತ್ತದೆ. ಕೆಲವು ನೂರು ರೂಪಾಯಿಯ ಯುಎಸ್‌ಬಿ 3.0 ಕೇಸಿಂಗ್‌ನಲ್ಲಿ ಅದನ್ನು ಕೂರಿಸಿದರೆ ಎಕ್ಸ್‌ಟರ್ನಲ್ ಡಿಸ್ಕು ಸಿದ್ಧ. ಪೋರ್ಟು ಕೆಟ್ಟರೆ ಕೇಸಿಂಗ್ ಬದಲಿಸಿದರಾಯಿತು, ಆದರೆ ಕೆಲವು ಸಿದ್ಧ ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಸರ್ಕ್ಯೂಟಿಗೇ ಬೆಸೆದಿರುವುದರಿಂದ ಆ ಅನುಕೂಲವಿಲ್ಲ. ಬಳಸುವ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕಿನ ಆರೋಗ್ಯ ನೋಡಬೇಕು. ಹಾಳಾದ ಸೆಕ್ಟರುಗಳ (ತಟ್ಟೆಯ ಮೇಲೆ ಬರೆಯುವ ಸಣ್ಣ ಭಾಗಗಳ) ಎಣಿಕೆ ಏರುತ್ತಿದ್ದರೆ ಅದನ್ನು ನಂಬಬಾರದು. ಹಳೆಯ ಡಿಸ್ಕು ಎರಡನೆಯ ಪ್ರತಿಗೆ ಸರಿ, ಏಕೈಕ ಪ್ರತಿಗೆ ಸಲ್ಲದು.

ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ

ಅಂಗೈಯಗಲದ ಪೆಟ್ಟಿಗೆಯಲ್ಲಿ 16 ಟಿಬಿ, ಬೆಲೆ ಎರಡು ಸಾವಿರದೊಳಗೆ ಎಂಬ ಜಾಹೀರಾತು ಕಂಡರೆ ಅದು ಮೋಸ. 2.5 ಇಂಚಿನ ಹಾರ್ಡ್ ಡಿಸ್ಕುಗಳು 5-6 ಟಿಬಿಯಲ್ಲೇ ನಿಂತಿವೆ. ಇಂತಹ ಪೆಟ್ಟಿಗೆಗಳೊಳಗೆ ಪುಟ್ಟ ಮೆಮೊರಿ ಕಾರ್ಡೊಂದನ್ನಿಟ್ಟು, ಗಾತ್ರವನ್ನು ಸುಳ್ಳು ಹೇಳುವಂತೆ ಅದರ ಚಿಪ್ಪನ್ನು ತಿದ್ದಿರುತ್ತಾರೆ. ನಕಲು ಸರಾಗವಾಗಿ ನಡೆಯುತ್ತದೆ, ಫೈಲಿನ ಹೆಸರುಗಳೂ ಕಾಣುತ್ತವೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಮಾತ್ರ ಎಲ್ಲಿಯೂ ಇರುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಇಡೀ ಡಿಸ್ಕನ್ನು ತುಂಬಿಸಿ, ಮತ್ತೆ ಓದಿ, ಈ ಮೋಸವನ್ನು ಹಿಡಿಯುತ್ತದೆ. ಅಸಲಿ ಡಿಸ್ಕಿಗೂ ಕೊಂಡ ವಾರದಲ್ಲೇ, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು, ಈ ಪರೀಕ್ಷೆ ಮಾಡುವುದು ಒಳ್ಳೆಯದು.

ನಮ್ಮೂರು ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆಯ ಅಂಗಡಿಗಳಲ್ಲಿ ಕೊಳ್ಳುವವರಿದ್ದಾರೆ, ಹೈದರಾಬಾದಿಗೆ ಹೋದಾಗ ತರುವವರೂ ಇದ್ದಾರೆ. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲು ಬೇಕು, ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಇರಬೇಕು, ಆ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಅಲ್ಲಿಯೇ ನೋಡಬೇಕು. ಬಿಲ್ಲಿಲ್ಲದೆ ಇನ್ನೂರು ಮುನ್ನೂರು ಕಡಿಮೆಗೆ ಕೊಡುತ್ತೇನೆಂಬ ಮಾತಿಗೆ ಒಪ್ಪಿಕೊಳ್ಳುವುದು ಉಳಿತಾಯವಲ್ಲ. ವಾರಂಟಿಯೂ ಡಿಸ್ಕಿಗೆ ಮಾತ್ರ. ಒಳಗಿದ್ದ ಕಡತಗಳಿಗೆ ಯಾರೂ ಹೊಣೆಯಲ್ಲ.

ಕೊಂಡ ಮೇಲೆ

ವಿಂಡೋಸ್ ಒಂದನ್ನೇ ಬಳಸುವವರು ಡಿಸ್ಕನ್ನು ಎನ್‌ಟಿಎಫ್‌ಎಸ್‌ ಎಂಬ, ಕಡತಗಳನ್ನು ಜೋಡಿಸಿಡುವ ರೂಪದಲ್ಲಿಯೇ ಇಟ್ಟುಕೊಳ್ಳಲಿ. ಬರೆಯುವಾಗ ಸಂಪರ್ಕ ತಪ್ಪಿದರೂ ಅದು ತಕ್ಕಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಮ್ಯಾಕ್ ಇದನ್ನು ಓದುತ್ತದೆ, ಬರೆಯುವುದಿಲ್ಲ. ಎರಡರಲ್ಲೂ ಬೇಕಾದರೆ ಎಕ್ಸ್‌ಫ್ಯಾಟ್ ಆಗಬೇಕು. ಫ್ಯಾಟ್32 ಬೇಡ, 4 ಜಿಬಿ ಮೀರಿದ ಫೈಲು ಅದರಲ್ಲಿ ಹಿಡಿಯುವುದಿಲ್ಲ.

ಕೆಲವು ಪೋರ್ಟಬಲ್ ಡಿಸ್ಕುಗಳ ವಿವರಪಟ್ಟಿಯಲ್ಲಿ ಬಳಕೆಯ ಉಷ್ಣತೆ 5ರಿಂದ 35 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅದನ್ನು ಬರೆದವರು ಮೇ ತಿಂಗಳಲ್ಲಿ ಕಲಬುರಗಿಗೆ ಬಂದವರಲ್ಲ. ನಮ್ಮಲ್ಲಿ ಹೊರಗೆ 40 ಡಿಗ್ರಿ ದಾಟುವ ದಿನಗಳಲ್ಲಿ ದೊಡ್ಡ ನಕಲುಗಳನ್ನು ಬೆಳಗಿನ ಜಾವ ಇಲ್ಲವೇ ರಾತ್ರಿ ಮಾಡುವುದು, ಡಿಸ್ಕನ್ನು ಹಾಸಿಗೆಯ ಮೇಲಿಡದೆ ಗಾಳಿಯಾಡುವ ಗಟ್ಟಿ ನೆಲದ ಮೇಲಿಡುವುದು, ಬಿಸಿಲಲ್ಲಿ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟುಹೋಗದಿರುವುದು, ಇಷ್ಟು ಎಚ್ಚರಿಕೆ ಅವಶ್ಯ. ನಕಲು ಮುಗಿಯಿತೆಂದು ತೋರಿದರೂ ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿಯಲ್ಲಿ ಕೊನೆಯ ಭಾಗ ಉಳಿದಿರಬಹುದಾದ್ದರಿಂದ, ಇಜೆಕ್ಟ್ ಮಾಡಿಯೇ ಕೇಬಲ್ ತೆಗೆಯಬೇಕು.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರದ ಪ್ರಕಾರ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಇರಬೇಕು. ಲ್ಯಾಪ್‌ಟಾಪ್ ಮತ್ತು ಎರಡು ಡಿಸ್ಕುಗಳಿಂದ ಮೂರು ಪ್ರತಿಗಳಾಗುತ್ತವೆ. ಎರಡೂ ಡಿಸ್ಕುಗಳನ್ನು ಒಂದೇ ಚೀಲದಲ್ಲಿಟ್ಟರೆ ಚೀಲ ಕಳೆದ ದಿನ ಎರಡೂ ಹೋದವು. ಎರಡನ್ನೂ ಸದಾ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿಟ್ಟರೆ, 2017ರ ವಾನಾಕ್ರೈನಂತಹ ಒತ್ತೆಹಣದ ವೈರಸ್ಸು ಅವುಗಳಲ್ಲಿರುವುದನ್ನೂ ಬೀಗ ಹಾಕಿಬಿಡುತ್ತದೆ. ನನ್ನ ಎರಡನೆಯ ಡಿಸ್ಕು ಬೀದರಿನಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ. ಹಬ್ಬಕ್ಕೆ ಹೋದಾಗ ಹೊಸ ಧ್ವನಿಮುದ್ರಣಗಳನ್ನು ಅದಕ್ಕೆ ಸೇರಿಸುತ್ತೇನೆ, ಹಳೆಯ ಒಂದೆರಡು ತತ್ವಪದಗಳನ್ನು ಆ ಡಿಸ್ಕಿನಿಂದಲೇ ಲ್ಯಾಪ್‌ಟಾಪ್‌ಗೆ ಮರಳಿ ತಂದು ಕೊನೆಯವರೆಗೆ ಕೇಳುತ್ತೇನೆ. ಮರಳಿ ಬಾರದ ಪ್ರತಿ ಇದ್ದರೆ ಅದು ಆ ದಿನವೇ ತಿಳಿಯುತ್ತದೆ, ಮೂಲ ಇನ್ನೂ ಕಲಬುರಗಿಯಲ್ಲಿ ಇರುವಾಗಲೇ.